ಪುರಾಣವನ್ನು ಅವಳು ಹೇಳಿದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಹಾಭಾರತದ ದ್ಯೂತಸಭೆಯಲ್ಲಿ ದ್ರೌಪದಿ ಒಂದು ಪ್ರಶ್ನೆ ಕೇಳಿದಳು. ಧರ್ಮರಾಯ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ತನ್ನನ್ನೇ ಸೋತು ದಾಸನಾದವನಿಗೆ ಹೆಂಡತಿಯನ್ನು ಪಣಕ್ಕೊಡ್ಡುವ ಹಕ್ಕು ಎಲ್ಲಿಂದ ಬಂತು? ಧರ್ಮದ ಗತಿ ಸೂಕ್ಷ್ಮ ಎಂದು ಭೀಷ್ಮ ಜಾರಿಕೊಂಡ. ಅವಳ ಪರವಾಗಿ ಬಾಯಿ ತೆರೆದ ವಿಕರ್ಣನನ್ನು ಕರ್ಣ ಗದರಿಸಿ ಸುಮ್ಮನಾಗಿಸಿದ. ಪ್ರಶ್ನೆ ಅಲ್ಲಿಯೇ ಉಳಿಯಿತು.

ಈ ಪುಟದ ಪ್ರಶ್ನೆಗಳು ಅಷ್ಟು ದೊಡ್ಡವಲ್ಲ. ಪುರಾಣವನ್ನು ಆಧರಿಸಿದ ಸ್ತ್ರೀವಾದಿ ಕಥೆ, ಕಾದಂಬರಿ, ನಾಟಕಗಳ ಮಾತು ಬಂದಾಗಲೆಲ್ಲ ಓದುಗರು ಮತ್ತೆ ಮತ್ತೆ ಎತ್ತುವಂಥವು. ಉತ್ತರಗಳಲ್ಲಿ ನನ್ನ ಒಲವು, ಮುನಿಸು ಎರಡೂ ಇವೆ. ಅವನ್ನು ಅಡಗಿಸಲು ಪ್ರಯತ್ನಿಸಿಲ್ಲ.

ಇದು ಯಾವ ಬಗೆಯ ಬರವಣಿಗೆ?

ಎಲ್ಲರಿಗೂ ಗೊತ್ತಿರುವ ಪುರಾಣದ ಕಥೆಯನ್ನು ಎತ್ತಿಕೊಂಡು, ಅದರೊಳಗೆ ಹೆಣ್ಣಿಗೆ ಸಿಕ್ಕ ಜಾಗವನ್ನು ಗೊತ್ತುಮಾಡಿದವರು ಯಾರು, ಅದರಿಂದ ಯಾರಿಗೆ ಅನುಕೂಲವಾಯಿತು ಎಂದು ಕೇಳುವ ಬರವಣಿಗೆ. ಸೀತೆ, ದ್ರೌಪದಿ, ಅಹಲ್ಯೆ, ಶೂರ್ಪನಖಿ, ಗ್ರೀಕರ ಮೆಡೂಸಾ, ಪೆನೆಲೊಪಿ ಇಲ್ಲಿಗೆ ಮತ್ತೆ ಮತ್ತೆ ಬರುತ್ತಾರೆ. ಕನ್ನಡ ವಿಮರ್ಶೆಯಲ್ಲಿ ಇದಕ್ಕೆ ‘ಮುರಿದು ಕಟ್ಟುವುದು’ ಎಂಬ ಒಳ್ಳೆಯ ಮಾತಿದೆ. ಮುರಿಯುವುದು ಸುಲಭ. ಹೆಚ್ಚಿನ ಪುಸ್ತಕಗಳು ಸೋಲುವುದು ಕಟ್ಟುವಾಗ.

ಮೂಲವನ್ನು ತಿರುಚುವ ಹಕ್ಕು ಲೇಖಕಿಗೆ ಎಲ್ಲಿದೆ?

ಅತಿ ಹೆಚ್ಚು ಬಾರಿ ಬರುವ ಪ್ರಶ್ನೆ ಇದು. ಕೇಳುವವರ ಮನಸ್ಸಿನಲ್ಲಿ ಒಂದು ಚಿತ್ರವಿರುತ್ತದೆ: ಸಾವಿರಾರು ವರ್ಷಗಳಿಂದ ಕಥೆ ಕಲ್ಲಿನಂತೆ ಅಲುಗದೆ ಕುಳಿತಿತ್ತು, ಈಗ ಯಾರೋ ಬಂದು ಉಳಿ ಹಿಡಿದರು ಎಂಬ ಚಿತ್ರ.

ಕಲ್ಲಿನ ಮಾತೇ ಬಂದಿತಲ್ಲ, ಅಹಲ್ಯೆಯಿಂದಲೇ ಶುರು ಮಾಡೋಣ. ವಾಲ್ಮೀಕಿಯ ಬಾಲಕಾಂಡದಲ್ಲಿ ಅಹಲ್ಯೆ ಕಲ್ಲಾಗುವುದೇ ಇಲ್ಲ. ಗೌತಮನ ಶಾಪದಿಂದ ಅವಳು ಯಾರ ಕಣ್ಣಿಗೂ ಬೀಳದೆ, ಗಾಳಿಯನ್ನೇ ಉಂಡು, ಬೂದಿಯಲ್ಲಿ ಮಲಗಿ ಕಾಯುತ್ತಾಳೆ. ಮುನಿಯ ವೇಷದಲ್ಲಿ ಬಂದವನು ಇಂದ್ರನೆಂಬುದು ಅವಳಿಗೆ ತಿಳಿದಿತ್ತು, ದೇವರಾಜನ ಮೇಲಿನ ಕುತೂಹಲದಿಂದಲೇ ಒಪ್ಪಿದಳು ಎಂದೂ ಅಲ್ಲಿದೆ. ಕೊನೆಗೆ ರಾಮಲಕ್ಷ್ಮಣರು ಆಶ್ರಮಕ್ಕೆ ಬಂದಾಗ ಅವರೇ ಅವಳ ಪಾದ ಹಿಡಿಯುತ್ತಾರೆ. ಮುಂದಿನ ಶತಮಾನಗಳ ಕಥೆಗಳಲ್ಲಿ ಅವಳು ಏನೂ ಅರಿಯದ ಮುಗ್ಧೆಯಾದಳು, ಆಮೇಲೆ ಬಂಡೆಯಾದಳು, ರಾಮನ ಪಾದಧೂಳಿಗಾಗಿ ಕಾಯುವವಳಾದಳು. ಯಾರು ಯಾರ ಕಾಲು ಮುಟ್ಟಿದರು ಎಂಬುದೇ ತಲೆಕೆಳಗಾಯಿತು. ಆಗ ಮೂಲ ತಿರುಚಿದರೆಂದು ಯಾರೂ ದೂರಲಿಲ್ಲ.

ಶಕುಂತಲೆಯದೂ ಅದೇ ಪಾಡು. ಆದಿಪರ್ವದ ಶಕುಂತಲೆ ತನ್ನ ಮಗನೇ ಯುವರಾಜನಾಗಬೇಕೆಂದು ಷರತ್ತು ಹಾಕಿ ಮದುವೆಗೆ ಒಪ್ಪುವವಳು. ದುಷ್ಯಂತ ಎಲ್ಲ ನೆನಪಿದ್ದೂ ಗುರುತಿಲ್ಲವೆಂದಾಗ ತುಂಬಿದ ಸಭೆಯಲ್ಲಿ ಅವನಿಗೆ ಮುಖಾಮುಖಿ ನಿಂತು ವಾದಿಸುವವಳು. ಅಲ್ಲಿ ಉಂಗುರವೂ ಇಲ್ಲ, ದೂರ್ವಾಸನ ಶಾಪವೂ ಇಲ್ಲ. ಅವೆರಡನ್ನೂ ತಂದವನು ಕಾಳಿದಾಸ. ರಾಜನ ಸುಳ್ಳು ಹೀಗೆ ಪಾಪ, ಮರೆವಾಯಿತು. ಕಾವ್ಯವಾಗಿ ಅದು ಅದ್ಭುತ, ನನಗೂ ಪ್ರಿಯ. ಆದರೆ ಆ ಉಂಗುರದಿಂದ ಉಳಿದದ್ದು ಯಾರ ಮಾನ ಎಂದು ಕೇಳದೆ ಇರಲಾಗುವುದಿಲ್ಲ.

ಕನ್ನಡದ ಆದಿಕವಿ ಪಂಪ ತನ್ನ ಭಾರತದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿದ. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಸೀತೆಯ ಜೊತೆಗೆ ರಾಮನನ್ನೂ ಬೆಂಕಿಗೆ ಇಳಿಸಿದರು. ಹಳೆ ಮೈಸೂರು ಕಡೆಯ ಜನಪದ ರಾಮಾಯಣವೊಂದರಲ್ಲಿ ರಾವಣನೇ ಬಸಿರಾಗುತ್ತಾನೆ. ಮಕ್ಕಳಿಲ್ಲವೆಂದು ಶಿವನಲ್ಲಿ ಬೇಡಿ ಮಾವಿನ ಹಣ್ಣು ಪಡೆದವನು ಹಣ್ಣನ್ನು ತಾನು ತಿಂದು, ಹೆಂಡತಿಗೆ ಓಟೆ ಕೊಡುತ್ತಾನೆ. ಅದರ ಫಲ ಅವನ ಹೊಟ್ಟೆಯಲ್ಲಿಯೇ ಬೆಳೆದು, ಸೀನಿದಾಗ ಮೂಗಿನಿಂದ ಹುಟ್ಟಿದವಳು ಸೀತೆ. ಸೀತದ್ದರಿಂದ ಸೀತೆ! ಕನ್ನಡದಲ್ಲಿ ಮಾತ್ರ ಹುಟ್ಟಬಹುದಾದ ಕಥೆ ಇದು. ಎ.ಕೆ. ರಾಮಾನುಜನ್ ತಮ್ಮ ‘ಮುನ್ನೂರು ರಾಮಾಯಣಗಳು’ ಪ್ರಬಂಧದಲ್ಲಿ ಇದನ್ನು ಜಗತ್ತಿಗೆ ಪರಿಚಯಿಸಿದರು. ತಿನ್ನುವುದರಲ್ಲಿ ಗಂಡ ಮುಂದು, ಹೆರುವ ಕಷ್ಟ ಮಾತ್ರ ಹೆಂಡತಿಗೆ ಎಂಬ ಏರ್ಪಾಡನ್ನು ಒಂದೇ ಸೀನಿಗೆ ಹಾರಿಸಿದ ಆ ಹಾಡುಗಾರರು ಸ್ತ್ರೀವಾದ ಎಂಬ ಪದವನ್ನು ಕೇಳಿರಲಿಕ್ಕಿಲ್ಲ.

ತಾಳಮದ್ದಳೆಯನ್ನು ಕೇಳಿ ಬೆಳೆದವರಿಗೆ ಇದನ್ನೆಲ್ಲ ಹೇಳಬೇಕಾಗಿಯೂ ಇಲ್ಲ. ಪದ್ಯ ಅದೇ, ಪ್ರಸಂಗ ಅದೇ. ಆದರೆ ವಾಲಿ ಇವತ್ತು ರಾಮನಿಗೆ ಯಾವ ಪ್ರಶ್ನೆ ಎಸೆಯುತ್ತಾನೆ ಎನ್ನುವುದು ಆ ರಾತ್ರಿ ಅವನ ಮಾತು ಕಟ್ಟುವ ಅರ್ಥಧಾರಿಯ ಕೈಯಲ್ಲಿದೆ. ವಾಲಿಗಿರುವ ಸ್ವಾತಂತ್ರ್ಯ ತಾರೆಗೆ ಏಕಿರಬಾರದು?

ಪುರಾಣವೇ ಏಕೆ? ಹೊಸ ಕಥೆ ಬರೆಯಬಹುದಲ್ಲ?

ಬರೆಯಬಹುದು, ಬರೆಯುತ್ತಲೂ ಇದ್ದಾರೆ. ಆದರೆ ‘ಸೀತೆಯಂತಿರು’ ಎಂದು ಹರಸುವಾಗ, ‘ಶೂರ್ಪನಖಿ’ ಎಂದು ಬೈಯುವಾಗ, ‘ಲಕ್ಷ್ಮಣರೇಖೆ’ ಎಂದು ಎಚ್ಚರಿಸುವಾಗ ಯಾರೂ ಪುಸ್ತಕ ತೆರೆದು ನೋಡುವುದಿಲ್ಲ. ಈ ಕಥೆಗಳು ಓದುವ ಮೊದಲೇ ನಮ್ಮೊಳಗೆ ಕುಳಿತಿರುತ್ತವೆ. ಹೊಸ ಕಥೆಯ ನಾಯಕಿ ಮನೆ ಬಿಟ್ಟು ಹೋದರೆ ಒಬ್ಬಳು ಹೋದಳು ಎನಿಸುತ್ತದೆ. ಸೀತೆ ಅರಮನೆಗೆ ಮರಳಲು ಒಲ್ಲೆ ಎಂದರೆ ಅವಳ ಹೆಸರಿನಲ್ಲಿ ಮಾಡಿದ ಎಲ್ಲ ಆಶೀರ್ವಾದಗಳೂ ಒಮ್ಮೆ ಅಲುಗಾಡುತ್ತವೆ. ಒಲ್ಲೆ ಎಂದದ್ದು ಹೊಸತೂ ಅಲ್ಲ, ಉತ್ತರಕಾಂಡದಲ್ಲಿ ಅವಳು ಮಾಡಿದ್ದು ಅದನ್ನೇ.

ಇನ್ನೊಂದು ಲಾಭ ಕಸುಬಿನದು. ಓದುಗರಿಗೆ ಮುಂದೇನಾಗುತ್ತದೆ ಎಂದು ಗೊತ್ತಿರುವುದರಿಂದ ಲೇಖಕಿ ಕಥಾವಸ್ತುವಿನ ಹೊರೆ ಹೊರಬೇಕಾಗಿಲ್ಲ. ಒಂದು ಸಣ್ಣ ಬದಲಾವಣೆಯೂ ಗುಡುಗಿನಂತೆ ಕೇಳಿಸುತ್ತದೆ.

ಕಥೆಯನ್ನು ಹೆಣ್ಣಿನ ಬಾಯಲ್ಲಿ ಹೇಳಿಸಿದರೆ ಅದು ಸ್ತ್ರೀವಾದಿ ಆಯಿತೇ?

ಆಗುವುದಿಲ್ಲ. ಪುಸ್ತಕದ ಅಂಗಡಿಗಳಲ್ಲಿ ‘ದ್ರೌಪದಿ ಹೇಳಿದ ಕಥೆ’, ‘ಗಾಂಧಾರಿ ಹೇಳಿದ ಕಥೆ’ ಎಂಬ ಬಗೆಯವು ಈಗ ಸಾಲುಸಾಲಾಗಿ ಕಾಣುತ್ತವೆ. ಬಹುಪಾಲು ಪುಸ್ತಕಗಳಲ್ಲಿ ‘ಅವಳು’ ಇದ್ದ ಕಡೆ ‘ನಾನು’ ಬಂದಿರುತ್ತದೆ, ಮಿಕ್ಕದ್ದೆಲ್ಲ ಹಾಗೆಯೇ ಇರುತ್ತದೆ.

ಕುಮಾರವ್ಯಾಸನ ದ್ರೌಪದಿಯನ್ನು ನೋಡಿ. ಕೀಚಕನ ಪ್ರಸಂಗದಲ್ಲಿ ಅವಳು ಗಂಡಂದಿರ ಮೇಲೆ ಹಾಯುವ ಬಗೆ ಕನ್ನಡ ಕಾವ್ಯದಲ್ಲಿಯೇ ಅಪರೂಪ. ‘ಗಂಡ’ ಎಂಬ ಪದಕ್ಕೆ ಪತಿ ಮತ್ತು ಶೂರ ಎಂಬ ಎರಡು ಅರ್ಥಗಳಿರುವುದನ್ನೇ ಹಿಡಿದು, ಐವರು ಗಂಡರಿದ್ದೂ ಒಬ್ಬಳನ್ನು ಕಾಯಲಾರಿರಿ, ನೀವು ಗಂಡರೇ ಎಂದು ಕೇಳುತ್ತಾಳೆ. ಓದಿದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಆದರೆ ಆ ಬೈಗುಳದ ಬಲವೆಲ್ಲ ಎಲ್ಲಿಂದ ಬಂತು? ಗಂಡಸಾದವನು ಹೆಣ್ಣನ್ನು ಕಾಯಬೇಕು, ಕಾಯದವನು ಗಂಡಸಲ್ಲ ಎಂಬ ನಂಬಿಕೆಯಿಂದ. ಸಿಟ್ಟು ಅವಳದು, ಅಳತೆಗೋಲು ಅವರದು. ಕುಮಾರವ್ಯಾಸನ ಮೇಲೆ ನನಗೆ ದೂರಿಲ್ಲ, ಅವನು ಹದಿನೈದನೆಯ ಶತಮಾನದ ಮಹಾಕವಿ. ಇವತ್ತಿನ ಕಾದಂಬರಿಯ ದ್ರೌಪದಿಯೂ ಅದೇ ಅಳತೆಗೋಲು ಹಿಡಿದರೆ ಮಾತ್ರ ಬೇಸರವಾಗುತ್ತದೆ.

ಬಾಯಿ ಕೊಟ್ಟ ಮಾತ್ರಕ್ಕೆ ಮಾತು ಅವಳದಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಉದಾಹರಣೆ ಮಾಧವಿ.

ಮಾಧವಿ ಯಾರು? ಅವಳ ಕಥೆಯನ್ನು ಲೇಖಕರು ಏಕೆ ಮತ್ತೆ ಮತ್ತೆ ಹಿಡಿಯುತ್ತಾರೆ?

ಉದ್ಯೋಗಪರ್ವದಲ್ಲಿ ಬರುವ ಉಪಕಥೆ. ಗಾಲವ ಗುರುದಕ್ಷಿಣೆ ಕೊಟ್ಟೇ ತೀರುತ್ತೇನೆಂದು ಹಟ ಹಿಡಿದಾಗ ವಿಶ್ವಾಮಿತ್ರ ಸಿಟ್ಟಿನಿಂದ 800 ಕುದುರೆ ಕೇಳುತ್ತಾನೆ. ಬೆಳದಿಂಗಳಂತೆ ಬಿಳಿ, ಒಂದು ಕಿವಿ ಮಾತ್ರ ಕಪ್ಪು. ಗಾಲವ ಯಯಾತಿಯ ಬಳಿಗೆ ಹೋಗುತ್ತಾನೆ. ಯಯಾತಿಯಲ್ಲಿ ಕುದುರೆ ಇಲ್ಲ, ಇಲ್ಲವೆಂದು ಕಳಿಸಿದರೆ ದಾನಿಯೆಂಬ ಹೆಸರಿಗೆ ಕುಂದು. ಮಗಳು ಮಾಧವಿಯನ್ನು ಕೊಟ್ಟು ಕಳಿಸುತ್ತಾನೆ. ಅಯೋಧ್ಯೆಯ ಹರ್ಯಶ್ವ, ಕಾಶಿಯ ದಿವೋದಾಸ, ಭೋಜದ ಉಶೀನರ ಒಬ್ಬೊಬ್ಬರೂ 200 ಕುದುರೆ ಕೊಟ್ಟು ಅವಳಿಂದ ಒಂದೊಂದು ಗಂಡುಮಗುವನ್ನು ಪಡೆಯುತ್ತಾರೆ. ಉಳಿದ 200 ಕುದುರೆಗಳ ಬದಲಿಗೆ ವಿಶ್ವಾಮಿತ್ರನೇ ಅವಳನ್ನು ಇಟ್ಟುಕೊಳ್ಳುತ್ತಾನೆ. ಇವಳನ್ನು ಮೊದಲೇ ನನಗೆ ಕೊಟ್ಟಿದ್ದರೆ ನಾಲ್ಕೂ ಮಕ್ಕಳು ನನಗೇ ಆಗುತ್ತಿದ್ದರಲ್ಲ ಎಂದು ಗುರುವರ್ಯ ಹಳಹಳಿಸುವುದೂ ಅಲ್ಲಿದೆ. ಪ್ರತಿ ಹೆರಿಗೆಯ ನಂತರ ಮತ್ತೆ ಕನ್ಯೆಯಾಗುವ ವರ ಅವಳಿಗಿತ್ತಂತೆ. ವರ ಯಾರಿಗೆ ಅನುಕೂಲವೆಂದು ಬಿಡಿಸಿ ಹೇಳಬೇಕಾಗಿಲ್ಲ.

ನನ್ನನ್ನು ಕಾಡುವ ವಿವರ ಬೇರೆ. ಹರ್ಯಶ್ವನಲ್ಲಿ ಇರುವುದು 200 ಕುದುರೆಗಳೇ ಎಂದು ತಿಳಿದು ಗಾಲವ ದಿಕ್ಕುತೋಚದೆ ನಿಂತಾಗ, ನನ್ನನ್ನು ನಾಲ್ವರಿಗೆ ಕೊಡು, ನಿನ್ನ ಲೆಕ್ಕ ಸರಿಹೋಗುತ್ತದೆ ಎಂದು ಹೇಳುವವಳು ಮಾಧವಿಯೇ. ವ್ಯಾಸಭಾರತ ಅವಳಿಗೆ ಬಾಯಿ ಕೊಟ್ಟಿದೆ, ಆ ಬಾಯಲ್ಲಿ ಗಾಲವನಿಗೆ ಬೇಕಾದ ಮಾತನ್ನು ಇಟ್ಟಿದೆ. ಎಲ್ಲ ಮುಗಿದ ಮೇಲೆ ಅಪ್ಪ ಸ್ವಯಂವರ ಏರ್ಪಡಿಸಿದಾಗ ಅವಳು ನೆರೆದ ರಾಜರನ್ನೆಲ್ಲ ದಾಟಿ ಕಾಡನ್ನು ವರಿಸುತ್ತಾಳೆ. ಜಿಂಕೆಯಂತೆ ಹುಲ್ಲು ಮೇಯ್ದು ಬದುಕುತ್ತಾಳೆ. ಅಲ್ಲಿಗೂ ಬಿಡುವಿಲ್ಲ. ಸ್ವರ್ಗದಿಂದ ಬಿದ್ದ ಅಪ್ಪನನ್ನು ಮೇಲೆತ್ತಲು ತನ್ನ ಪುಣ್ಯದಲ್ಲಿ ಅರ್ಧ ಕೊಡಬೇಕಾಗುತ್ತದೆ.

ಕನ್ನಡದಲ್ಲಿ ಅನುಪಮಾ ನಿರಂಜನ ‘ಮಾಧವಿ’ ಕಾದಂಬರಿ ಬರೆದರು, ಹಿಂದಿಯಲ್ಲಿ ಭೀಷ್ಮ ಸಾಹ್ನಿ ಅದೇ ಹೆಸರಿನ ನಾಟಕ ಬರೆದರು. ಅನುಪಮಾ ವೃತ್ತಿಯಿಂದ ವೈದ್ಯೆ ಎಂಬುದು ಇಲ್ಲಿ ನೆನಪಾಗುತ್ತದೆ. ನಾಲ್ಕು ಹೆರಿಗೆ, ನಾಲ್ಕು ಮಕ್ಕಳನ್ನು ಬಿಟ್ಟು ನಡೆದದ್ದು, ಮತ್ತೆ ಕನ್ಯೆಯಾಗುವ ವರ ಎಂಬುದನ್ನೆಲ್ಲ ಓದುವಾಗ ಕವಿಗೆ ಕಾಣುವುದು ಒಂದು, ಹೆರಿಗೆ ಮಾಡಿಸಿದವರಿಗೆ ಕಾಣುವುದು ಇನ್ನೊಂದು. ಮಾಧವಿಯ ಕಥೆ ಲೇಖಕರನ್ನು ಸೆಳೆಯುವುದು ಅದರಲ್ಲಿ ಖಳನೇ ಇಲ್ಲದ ಕಾರಣಕ್ಕೆ. ಅಪ್ಪ ದಾನಿ, ಶಿಷ್ಯ ವಚನಪಾಲಕ, ಗುರು ಮಹರ್ಷಿ, ರಾಜರು ಸಂತಾನಾಪೇಕ್ಷಿಗಳು. ಎಲ್ಲರೂ ಧರ್ಮವಂತರೇ, ಆದರೂ ಒಬ್ಬಳು ಕುದುರೆಗಳ ಲೆಕ್ಕದಲ್ಲಿ ಕೈಯಿಂದ ಕೈಗೆ ದಾಟುತ್ತಾಳೆ. ಪುರುಷಪ್ರಧಾನತೆ ಕೆಟ್ಟ ಗಂಡಸರ ಕೆಲಸವೆಂದು ನಂಬಿದವರು ಈ ಉಪಕಥೆಯನ್ನು ಓದಬೇಕು.

ಗಂಡಸರು ಬರೆದರೆ ಒಪ್ಪಬಹುದೇ?

ಒಪ್ಪಬಹುದು. ಬರೆದವರ ಲಿಂಗಕ್ಕಿಂತ ಬರೆದದ್ದು ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತೇನೆ. ಗಿರೀಶ ಕಾರ್ನಾಡರು ‘ಯಯಾತಿ’ ಪ್ರಕಟಿಸಿದ್ದು 1961ರಲ್ಲಿ, ಇನ್ನೂ ಹುಡುಗನಿದ್ದಾಗ. ಅಪ್ಪನ ಮುಪ್ಪನ್ನು ಮಗ ಹೊತ್ತುಕೊಂಡದ್ದನ್ನು ಎಲ್ಲರೂ ತ್ಯಾಗವೆಂದು ಹೊಗಳುತ್ತಿದ್ದಾಗ, ಆ ಮಗನಿಗೊಬ್ಬ ಹೆಂಡತಿ ಇದ್ದರೆ ಎಂದು ಅವರು ಯೋಚಿಸಿದರು. ಚಿತ್ರಲೇಖೆ ಮಾವನೆದುರು ನಿಂತು, ನನ್ನ ಗಂಡನ ಯೌವನ ನಿನ್ನಲ್ಲಿದೆ, ಹಾಗಾದರೆ ನನಗೆ ಯಾರು ದಿಕ್ಕು ಎಂದು ಕೇಳುವ ಗಳಿಗೆಯಲ್ಲಿ ಇಡೀ ತ್ಯಾಗದ ಕಥೆ ಬೆತ್ತಲಾಗುತ್ತದೆ. ಅವಳು ಸಾಯುವುದು ನನಗೆ ಇಷ್ಟವಿಲ್ಲ, ಅದು ಬೇರೆ ಮಾತು. ಎಸ್.ಎಲ್. ಭೈರಪ್ಪನವರ ‘ಉತ್ತರಕಾಂಡ’ ಸೀತೆಯ ದೃಷ್ಟಿಯಿಂದ ಸಾಗುತ್ತದೆ. ಅದನ್ನು ಸ್ತ್ರೀವಾದಿ ಎನ್ನಬೇಕೇ ಬೇಡವೇ ಎಂಬ ಜಗಳವನ್ನು ಓದಿದವರೇ ಆಡಿಕೊಳ್ಳಲಿ.

ಇಂಥ ಕಥೆಗಳಲ್ಲಿ ಕೊನೆಗೆ ಹೆಣ್ಣು ಗೆಲ್ಲಲೇಬೇಕೇ?

ಗೆದ್ದರೆ ಓದಲು ಹಿತವಾಗಿರುತ್ತದೆ. ಸೀತೆ ಬಿಲ್ಲೆತ್ತಿ ರಾವಣನನ್ನು ತಾನೇ ಕೊಂದಳು, ದ್ರೌಪದಿ ಸಿಂಹಾಸನವೇರಿದಳು ಎಂದರೆ ಚಪ್ಪಾಳೆ ಬೀಳುತ್ತದೆ. ಆದರೆ ಬಿಲ್ಲೂ ಸಿಂಹಾಸನವೂ ಇದ್ದಲ್ಲಿಯೇ ಇವೆ, ಕುಳಿತವರು ಬದಲಾದರು ಅಷ್ಟೆ. ನನಗೆ ಹೆಚ್ಚು ಕೆಲಸಕ್ಕೆ ಬರುವ ಕಥೆಗಳು ಸ್ಪರ್ಧೆಯ ನಿಯಮವನ್ನೇ ಪ್ರಶ್ನಿಸುವಂಥವು.

ತೆಲುಗಿನ ವೋಲ್ಗಾ ಅವರ ‘ವಿಮುಕ್ತ’ ಕಥಾಸಂಕಲನ ಈ ಕಾರಣಕ್ಕೆ ನನಗೆ ಮುಖ್ಯ. ಅದಕ್ಕೆ 2015ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರಲ್ಲಿ ಸೀತೆ ಒಬ್ಬೊಬ್ಬರಾಗಿ ಶೂರ್ಪನಖಿ, ಅಹಲ್ಯೆ, ರೇಣುಕೆ, ಊರ್ಮಿಳೆಯರನ್ನು ಭೇಟಿಯಾಗುತ್ತಾಳೆ. ವಾಲ್ಮೀಕಿಯ ಆಶ್ರಮದ ಹತ್ತಿರದ ಕಾಡಿನಲ್ಲಿ ಶೂರ್ಪನಖಿ ಚಂದದ ಹೂದೋಟ ಬೆಳೆಸಿಕೊಂಡಿದ್ದಾಳೆ. ಮೂಗು ಕಳೆದುಕೊಂಡವಳು ಸೌಂದರ್ಯವೆಂದರೇನು ಎಂದು ಬೇರುಮಟ್ಟದಿಂದ ಕಲಿತ ಕಥೆಯನ್ನು ಅವಳು ಹೇಳುವುದು ಯಾರಿಗೆ? ಯಾರ ಗಂಡ, ಮೈದುನರಿಂದ ತನ್ನ ಮೂಗು ಹೋಯಿತೋ ಅವಳಿಗೇ. ಅಹಲ್ಯೆ ಸೀತೆಗೆ ಹೇಳುವ ಮಾತು ಇನ್ನೂ ಹರಿತ. ನನಗೆ ಗೊತ್ತಿತ್ತೋ ಇಲ್ಲವೋ ಎಂಬುದು ಮುಖ್ಯವಲ್ಲ, ವಿಚಾರಣೆಗೆ ಒಪ್ಪುವುದೇ ತಪ್ಪು ಎಂಬುದು ಅದರ ಸಾರ. ಪರೀಕ್ಷೆಯಲ್ಲಿ ಪಾಸಾಗುವ ದಾರಿಯನ್ನು ಇಲ್ಲಿ ಯಾರೂ ಹುಡುಕುವುದಿಲ್ಲ. ಪರೀಕ್ಷಿಸಲು ನೀನು ಯಾರು ಎಂದು ಕೇಳುತ್ತಾರೆ. ರಾಮಾಯಣ ಒಬ್ಬರಿಂದೊಬ್ಬರನ್ನು ದೂರ ಇಟ್ಟ ಹೆಂಗಸರು ಕಾಡಿನಲ್ಲಿ ಕುಳಿತು ಮಾತನಾಡುತ್ತಾರೆ. ಬಂಡಾಯವೆಂದರೆ ಇಷ್ಟೇನಾ ಎನ್ನುವವರಿಗೆ, ಇಷ್ಟೇ, ಆದರೆ ಇದನ್ನು ಮೊದಲು ಯಾರು ಅವರಿಗೆ ಕೊಟ್ಟಿದ್ದರು ಎಂದು ಮರುಪ್ರಶ್ನೆ ಹಾಕುತ್ತೇನೆ.

ಜನಪದದಲ್ಲಿ ಇಂಥದ್ದು ಉಂಟೇ, ಅಥವಾ ಇದು ಓದಿದವರ ಸರಕೇ?

ಬೇಕಾದಷ್ಟು ಉಂಟು. ಮಲೆ ಮಾದೇಶ್ವರನ ಕಾವ್ಯದ ಸಂಕಮ್ಮನ ಸಾಲನ್ನು ಕಂಸಾಳೆಯವರ ಬಾಯಲ್ಲಿ ಕೇಳಿ. ಜೇನಿಗೆಂದು ಕಾಡಿಗೆ ಹೊರಟ ಗಂಡ ನೀಲೇಗೌಡ, ನಾನಿಲ್ಲದಾಗ ತಪ್ಪಿ ನಡೆಯುವುದಿಲ್ಲವೆಂದು ಭಾಷೆ ಕೊಡು ಎನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ತಪ್ಪುವ ಮನಸ್ಸಿದ್ದು ಅಲ್ಲ. ಭಾಷೆ ಕೇಳಿದ್ದೇ ಅವಮಾನವೆಂದು. ಅವನು ಕೊಡುವ ಹಿಂಸೆಯನ್ನೆಲ್ಲ ಅನುಭವಿಸುತ್ತಾಳೆ, ಭಾಷೆಯನ್ನು ಮಾತ್ರ ಕೊಡುವುದಿಲ್ಲ. ವೋಲ್ಗಾ ಅವರ ಅಹಲ್ಯೆ ಹೇಳುವುದನ್ನು ಸಂಕಮ್ಮ ಮಾಡಿ ತೋರಿಸಿದ್ದಳು. ಕೊನೆಗೆ ಅವಳನ್ನು ಪಾರು ಮಾಡಲು ಮಾದಪ್ಪನೇ ಬರಬೇಕಾಯಿತು ಎಂಬುದು ನಿಜ. ಆದರೆ ಮಾದಪ್ಪ ಬರುವ ಮೊದಲೇ ಅವಳು ಇಲ್ಲವೆಂದಿದ್ದಳು.

ಬಂಗಾಳದ ಚಂದ್ರಾವತಿ ಹದಿನಾರನೆಯ ಶತಮಾನದಲ್ಲಿಯೇ ಸೀತೆಯ ನೋವನ್ನು ನಡುವಿಗಿಟ್ಟು ರಾಮಾಯಣ ಹಾಡಿದಳು. ಬಹಳ ಕಾಲ ಪಂಡಿತರು ಅದನ್ನು ಅರೆಬರೆ ರಾಮಾಯಣವೆಂದು ಬದಿಗಿಟ್ಟಿದ್ದರು. ಯುದ್ಧಕ್ಕೆ ಅವಳು ಹೆಚ್ಚು ಜಾಗ ಕೊಟ್ಟಿರಲಿಲ್ಲ, ಅದಕ್ಕೆ.

ಎಲ್ಲರೂ ರಾಣಿಯರೇ ಏಕೆ? ದಾಸಿಯರ ಕಥೆ ಯಾರು ಬರೆಯುತ್ತಾರೆ?

ಈ ಪ್ರಶ್ನೆ ಕೇಳಿದವರಿಗೆ ಎದ್ದು ನಮಸ್ಕಾರ ಮಾಡಬೇಕೆನಿಸುತ್ತದೆ. ಈ ಬಗೆಯ ಬರವಣಿಗೆಯ ದೊಡ್ಡ ಕುರುಡು ಇರುವುದೇ ಇಲ್ಲಿ. ರಾಣಿಯ ಸಂಕಟಕ್ಕೆ ನೂರು ಕಾದಂಬರಿ, ಅವಳ ತಲೆ ಬಾಚುವವಳಿಗೆ ಒಂದು ಸಾಲು.

ಅರಗಿನ ಮನೆ ಸುಟ್ಟ ರಾತ್ರಿಯನ್ನು ನೆನೆಯಿರಿ. ಪಾಂಡವರು ಸುರಂಗದಿಂದ ಪಾರಾದರು. ಬೆಳಗ್ಗೆ ಬೂದಿಯಲ್ಲಿ ಆರು ಹೆಣಗಳು ಸಿಕ್ಕಿದ್ದರಿಂದ ಕುಂತಿಯೂ ಮಕ್ಕಳೂ ಸತ್ತರೆಂದು ಎಲ್ಲರೂ ನಂಬಿದರು. ಆ ಹೆಣಗಳು ಒಬ್ಬ ನಿಷಾದ ಹೆಂಗಸಿನದು ಮತ್ತು ಅವಳ ಐವರು ಮಕ್ಕಳದು. ಕುಂತಿ ಕೊಟ್ಟ ಔತಣಕ್ಕೆ ಬಂದು, ಕುಡಿದು ಅಲ್ಲಿಯೇ ಮಲಗಿದ್ದವರು. ವ್ಯಾಸಭಾರತ ಅವಳಿಗೆ ಹೆಸರನ್ನೂ ಕೊಟ್ಟಿಲ್ಲ. ಮಹಾಶ್ವೇತಾ ದೇವಿ ತಮ್ಮ ಕಥೆಯೊಂದರಲ್ಲಿ, ಮುಪ್ಪಿನಲ್ಲಿ ಕಾಡು ಸೇರಿದ ಕುಂತಿಯ ಎದುರಿಗೆ ಆ ಕುಲದ ಹೆಣ್ಣೊಬ್ಬಳನ್ನು ತಂದು ನಿಲ್ಲಿಸಿದರು. ಕರ್ಣನ ವಿಷಯಕ್ಕೆ ಕುಂತಿ ಮರುಗುತ್ತಿದ್ದಾಳೆ. ಆದರೆ ಆ ಆರು ಜೀವಗಳು ಅವಳ ಪಾಪದ ಲೆಕ್ಕಕ್ಕೇ ಬಂದಿಲ್ಲ.

ಅವರದೇ ‘ದ್ರೌಪದಿ’ ಎಂಬ ಕಥೆ ಪುರಾಣವನ್ನು ಇನ್ನೂ ದೂರಕ್ಕೆ ಒಯ್ಯುತ್ತದೆ. ಸಂತಾಲ ಹೋರಾಟಗಾರ್ತಿ ದೋಪ್ದಿ ಮೇಝೆನ್ ಸರ್ಕಾರಿ ಪಡೆಯ ಕೈಗೆ ಸಿಕ್ಕು ಸಾಮೂಹಿಕ ಅತ್ಯಾಚಾರಕ್ಕೆ ಒಳಗಾಗುತ್ತಾಳೆ. ಬೆಳಗ್ಗೆ ಸೀರೆ ಉಡಲು ಒಪ್ಪದೆ, ಬೆತ್ತಲೆಯಾಗಿಯೇ ಅಧಿಕಾರಿಯ ಎದುರಿಗೆ ನಡೆದು ಬರುತ್ತಾಳೆ. ಇಲ್ಲಿ ಸೀರೆ ಕೊಡುವ ಕೃಷ್ಣನಿಲ್ಲ, ಅವಳಿಗೆ ಬೇಕಾಗಿಯೂ ಇಲ್ಲ. ನಿರಾಯುಧಳಾದ ಅವಳೆದುರು ಅಧಿಕಾರಿ ಮೊದಲ ಬಾರಿಗೆ ಹೆದರುತ್ತಾನೆ.

ಕೆನಡಾದ ಮಾರ್ಗರೆಟ್ ಆಟ್‌ವುಡ್ 2005ರಲ್ಲಿ ಪೆನೆಲೊಪಿಯ ಕಥೆ ಬರೆದಾಗ, ಅವಳ ಗಂಡ ಒಡಿಸಿಯಸ್ ಮನೆಗೆ ಮರಳಿದ ಮೇಲೆ ನೇಣಿಗೇರಿದ ಹನ್ನೆರಡು ದಾಸಿಯರನ್ನು ಮೇಳವಾಗಿ ನಿಲ್ಲಿಸಿದರು. ಒಡತಿ ಒಳ್ಳೆಯವಳೇ, ಆದರೂ ದಾಸಿಯರ ಸಾವಿನಲ್ಲಿ ಅವಳ ಪಾಲೆಷ್ಟು ಎಂದು ಆ ಮೇಳ ಹಾಡುತ್ತಲೇ ಇರುತ್ತದೆ.

ಪುರಾಣಗಳಲ್ಲಿ ಸ್ತ್ರೀರಾಜ್ಯಗಳು ಇವೆಯಲ್ಲ?

ಇವೆ. ಲಕ್ಷ್ಮೀಶನ ಜೈಮಿನಿ ಭಾರತದ ಪ್ರಮೀಳೆ ಅಶ್ವಮೇಧದ ಕುದುರೆಯನ್ನು ಕಟ್ಟಿಹಾಕಿ ಅರ್ಜುನನನ್ನು ಕಾಡಿಸುತ್ತಾಳೆ. ಗ್ರೀಕರಿಗೆ ಅಮೆಜಾನ್ ಯೋಧೆಯರಿದ್ದರು. ಈ ರಾಜ್ಯಗಳನ್ನು ಕಟ್ಟಿದ ಕವಿಗಳಿಗೆ ಒಂದೇ ಅವಸರ: ವೀರನೊಬ್ಬ ಬಂದು ಗೆಲ್ಲಬೇಕು, ಇಲ್ಲವೇ ಮದುವೆಯಾಗಬೇಕು. ಪ್ರಮೀಳೆಯ ಕಥೆಯೂ ಮದುವೆಯಲ್ಲಿಯೇ ಮುಗಿಯುತ್ತದೆ. ಅವಳ ಮಂತ್ರಿ, ಸೇನಾಪತಿಯರು ಆಮೇಲೆ ಏನು ಮಾಡಿದರು ಎಂದು ಯಾರೂ ಬರೆದಿಲ್ಲ. ಯಾರಾದರೂ ಬರೆಯಲಿ ಎಂದು ಬಹಳ ಕಾಲದಿಂದ ಕಾಯುತ್ತಿದ್ದೇನೆ.

ರೊಕೆಯಾ ಸಖಾವತ್ ಹುಸೇನ್ 1905ರಲ್ಲಿ ಪ್ರಕಟಿಸಿದ ‘ಸುಲ್ತಾನಾಳ ಕನಸು’ ಪುರಾಣವಲ್ಲ, ಕಲ್ಪನೆ. ಅಲ್ಲಿ ಗಂಡಸರು ಪರದೆಯೊಳಗೆ, ಹೆಂಗಸರು ಬಿಸಿಲಿನ ಶಕ್ತಿಯಿಂದ ಅಡುಗೆ ಮಾಡುತ್ತ, ಯುದ್ಧ ಗೆಲ್ಲುತ್ತ ದೇಶ ಆಳುತ್ತಾರೆ. ಪಾತ್ರಗಳನ್ನು ಅದಲುಬದಲು ಮಾಡಿದ್ದು ಅಷ್ಟೆ ಎಂದು ನಾನೇ ಮೇಲೆ ಗೊಣಗಿದೆನಲ್ಲವೇ? ಇಲ್ಲಿ ಗೊಣಗುವುದಿಲ್ಲ. ರೊಕೆಯಾ ನಗುತ್ತಿದ್ದಾರೆ. ಗಂಡಸರನ್ನು ಒಳಗೆ ಕೂಡಿಹಾಕಿದರೆಂದು ಓದುಗನಿಗೆ ಅಯ್ಯೋ ಅನಿಸಿದ ಕೂಡಲೇ ಅವರ ಕೆಲಸ ಮುಗಿಯಿತು.

ಒಂದು ಕಾಲದಲ್ಲಿ ಲೋಕವೆಲ್ಲ ಮಾತೃಪ್ರಧಾನವಾಗಿತ್ತು ಎನ್ನುತ್ತಾರೆ. ಈ ಕಥೆಗಳು ಅದರ ನೆನಪೇ?

ಸ್ವಿಸ್ ವಿದ್ವಾಂಸ ಬಾಕೋಫೆನ್ 1861ರಲ್ಲಿ ಪುರಾಣಗಳನ್ನೇ ಸಾಕ್ಷಿಯಾಗಿಟ್ಟು ಹೀಗೆ ವಾದಿಸಿದ. ಅನೇಕ ಲೇಖಕಿಯರಿಗೆ ಇದು ಪ್ರಿಯವಾದ ನಂಬಿಕೆ, ಒಳ್ಳೆಯ ಕಾದಂಬರಿಗಳೂ ಇದರಿಂದ ಹುಟ್ಟಿವೆ. ಆದರೆ ಚರಿತ್ರೆಯಾಗಿ ಒಪ್ಪಲು ಸಾಕ್ಷ್ಯ ಸಾಲದು. ಹೆಣ್ಣುದೇವತೆಯ ಬೊಂಬೆ ಸಿಕ್ಕಿದ ಕಡೆಯೆಲ್ಲ ಹೆಣ್ಣಿನ ಆಳ್ವಿಕೆ ಇತ್ತೆನ್ನುವುದಾದರೆ ಇವತ್ತಿನ ನಮ್ಮ ಗುಡಿಗಳನ್ನು ಅಗೆದವರು ನಾಳೆ ನಮ್ಮ ಬಗ್ಗೆಯೂ ಹಾಗೆಯೇ ಬರೆದಾರು. ತಾಯಿಯ ಕಡೆಯಿಂದ ವಂಶ ಎಣಿಸುವುದೂ ತಾಯಿ ಆಳುವುದೂ ಬೇರೆ ಬೇರೆ. ಕರಾವಳಿಯ ಅಳಿಯಸಂತಾನದಲ್ಲಿ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಸಾಗಿದರೂ ಆಡಳಿತ ಹೆಚ್ಚಾಗಿ ಸೋದರಮಾವನ ಕೈಯಲ್ಲಿತ್ತು. ಪದ್ಧತಿಯ ಹೆಸರಿನಲ್ಲಿಯೇ ಅಳಿಯನಿದ್ದಾನೆ, ಮಗಳಿಲ್ಲ.

ದೇವಿಯನ್ನು ಪೂಜಿಸುವ ನಾಡಿನಲ್ಲಿ ಹೆಣ್ಣಿಗೆ ಇದೆಲ್ಲ ಬೇಕೇ?

ರೇಣುಕೆಯ ಕಥೆ ಗೊತ್ತಲ್ಲ. ದಿನವೂ ಹಸಿ ಮರಳಿನ ಕೊಡ ಮಾಡಿ ನೀರು ತರುತ್ತಿದ್ದವಳು. ಗಂಧರ್ವನತ್ತ ಒಂದು ಗಳಿಗೆ ಮನಸ್ಸು ಹೋಯಿತು, ಕೊಡ ನಿಲ್ಲಲಿಲ್ಲ. ಗಂಡ ಹೇಳಿದ, ಮಗ ತಲೆ ಕಡಿದ. ಸವದತ್ತಿಯ ಎಲ್ಲಮ್ಮನಾಗಿ ಲಕ್ಷಾಂತರ ಜನ ಅವಳಿಗೆ ಕೈಮುಗಿಯುತ್ತಾರೆ. ಅದೇ ಅಮ್ಮನ ಹೆಸರಿನಲ್ಲಿ ಬಡವರ ಹೆಣ್ಣುಮಕ್ಕಳನ್ನು ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಬಿಡುತ್ತಿದ್ದರು. ಅದನ್ನು ನಿಷೇಧಿಸಲು ಕರ್ನಾಟಕ 1982ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಪೂಜೆ ಉತ್ತರವಲ್ಲ ಎಂದು ಇದಕ್ಕಿಂತ ಬಿಡಿಸಿ ಹೇಳಲಾರೆ.

ಗ್ರೀಕ್ ಪುರಾಣದ ಕಡೆಯಿಂದ ಒಂದೆರಡು?

ರೋಮನ್ ಕವಿ ಓವಿಡ್‌ನ ಮೆಡೂಸಾ ಗುಡಿಯೊಳಗೆ ಸಮುದ್ರದೇವನ ಅತ್ಯಾಚಾರಕ್ಕೆ ಒಳಗಾದವಳು. ಶಿಕ್ಷೆ ಸಿಕ್ಕಿದ್ದು ಅವಳಿಗೆ, ಹಾವಿನ ಕೂದಲು. ಫ್ರಾನ್ಸಿನ ಎಲೆನ್ ಸಿಕ್ಸೂ 1975ರ ಪ್ರಬಂಧದಲ್ಲಿ ಅವಳನ್ನು ನೇರವಾಗಿ ನೋಡಿ, ಅವಳು ಚೆಲುವೆ, ನಗುತ್ತಿದ್ದಾಳೆ ಎಂದರು. ಜರ್ಮನಿಯ ಕ್ರಿಸ್ಟಾ ವೂಲ್ಫ್ 1996ರ ಕಾದಂಬರಿಯಲ್ಲಿ ಮೆಡಿಯಾ ತನ್ನ ಮಕ್ಕಳನ್ನು ಕೊಲ್ಲಲೇ ಇಲ್ಲ, ಕೊಂದವರು ಕೊರಿಂಥದ ಜನ ಎಂದು ಬರೆದರು. ಅದು ಅವರ ಕಲ್ಪನೆಯಷ್ಟೇ ಅಲ್ಲ, ಮೆಡಿಯಾಳ ನಾಟಕ ಬರೆದ ಯೂರಿಪಿಡೀಸನಿಗಿಂತ ಹಳೆಯ ಹೇಳಿಕೆಗಳಲ್ಲಿ ಅದರ ಎಳೆ ಇತ್ತು. ತಾಯಿಯನ್ನು ಕೊಲೆಗಾತಿಯಾಗಿಸಿದ ನಾಟಕವೇ ಮೂಲವೆಂದು ನಾವೆಲ್ಲ ನಂಬಿದ್ದೆವು. ಅಹಲ್ಯೆಯ ಕಲ್ಲಿನ ಕಥೆಯೇ ಇದು, ಬೇರೆ ಊರಿನಲ್ಲಿ.

ಧಾರ್ಮಿಕ ಭಾವನೆಗೆ ಧಕ್ಕೆಯಾಗುವುದಿಲ್ಲವೇ?

ಆಗುತ್ತದೆ ಎನ್ನುವವರು ಇದ್ದೇ ಇರುತ್ತಾರೆ. ಮೇಲೆ ಹೇಳಿದ ರಾಮಾನುಜನ್ ಪ್ರಬಂಧವನ್ನೇ ದೆಹಲಿ ವಿಶ್ವವಿದ್ಯಾಲಯ 2011ರಲ್ಲಿ ಪಠ್ಯದಿಂದ ಕೈಬಿಟ್ಟಿತು. ಅದರಲ್ಲಿದ್ದದ್ದು ಹೊಸ ಕಥೆಯಲ್ಲ, ಜನ ತಲೆತಲಾಂತರದಿಂದ ಹಾಡಿಕೊಂಡು ಬಂದದ್ದು. ಭಕ್ತಿಯಿದ್ದವರು ಕೇಳಿದ ಪ್ರಶ್ನೆಗೂ ಕೆಣಕಲೆಂದೇ ಎಸೆದ ಕಲ್ಲಿಗೂ ವ್ಯತ್ಯಾಸ ಓದಿದರೆ ತಿಳಿಯುತ್ತದೆ. ಓದದೆ ಸಿಟ್ಟಾಗುವವರಿಗೆ ಈ ಪುಟದಲ್ಲಿ ಉತ್ತರವಿಲ್ಲ.

ಎಲ್ಲಿಂದ ಓದಲು ಶುರು ಮಾಡಲಿ?

ಸಣ್ಣದರಿಂದ. ವೈದೇಹಿಯವರ ‘ಶಕುಂತಲೆಯೊಂದಿಗೆ ಕಳೆದ ಅಪರಾಹ್ನ’ ಎಂಬ ಕಥೆ ಒಂದೇ ಕೂತಿಗೆ ಮುಗಿಯುತ್ತದೆ, ವಾರಗಟ್ಟಲೆ ಬಿಡುವುದಿಲ್ಲ. ಲೇಖಕಿಯ ಕಾವ್ಯನಾಮವೇ ಸೀತೆಯ ಹೆಸರು ಎಂಬುದನ್ನು ಮರೆಯದಿರಿ. ಆಮೇಲೆ ‘ವಿಮುಕ್ತ’, ಒಡಿಯಾದ ಪ್ರತಿಭಾ ರಾಯ್ ಅವರ ‘ಯಾಜ್ಞಸೇನಿ’, ಅನುಪಮಾ ಅವರ ‘ಮಾಧವಿ’. ಪ್ರತಿಯೊಂದರ ಜೊತೆಗೂ ಹಳೆಯ ಪಠ್ಯದ ಆ ಭಾಗವನ್ನು ಓದಿ, ಗದ್ಯಾನುವಾದವಾದರೂ ಸಾಕು. ಬದಲಾದದ್ದು ಏನೆಂದು ತಿಳಿಯದೆ ಬದಲಾವಣೆಯ ರುಚಿ ಸಿಗುವುದಿಲ್ಲ.

ನಾನೇ ಒಂದು ಬರೆಯಬೇಕೆಂದಿದ್ದೇನೆ. ಏನು ಹೇಳುತ್ತೀರಿ?

ಭಾಷಣ ಬೇಡ. ಸೀತೆಯ ಬಾಯಲ್ಲಿ ಇವತ್ತಿನ ಪತ್ರಿಕೆಯ ಸಂಪಾದಕೀಯ ಬಂದರೆ ಅವಳೂ ಉಳಿಯುವುದಿಲ್ಲ, ನಿಮ್ಮ ವಾದವೂ ಉಳಿಯುವುದಿಲ್ಲ. ಎಲ್ಲ ಗಂಡಸರನ್ನೂ ದುಷ್ಟರನ್ನಾಗಿಸಬೇಡಿ, ಮಾಧವಿಯ ಕಥೆಯನ್ನು ನೆನಪಿಡಿ. ಹೆಸರಾಂತ ನಾಯಕಿಯರನ್ನು ಸ್ವಲ್ಪ ಕಾಲ ವಿಶ್ರಾಂತಿಗೆ ಬಿಡಿ.

ಹಳೆಯ ಕಾವ್ಯ ಎಲ್ಲಿ ಅವಸರ ಮಾಡಿದೆಯೋ ಅಲ್ಲಿ ನಿಲ್ಲಿ. ನಾನು ಯಾವಾಗಲೂ ಹೋಗಿ ನಿಲ್ಲುವ ಒಂದು ಜಾಗವನ್ನು ಹೇಳುತ್ತೇನೆ, ಬೇಕಾದರೆ ತೆಗೆದುಕೊಳ್ಳಿ. ಸೀತೆಯನ್ನು ಕಾಡಿಗೆ ಬಿಟ್ಟ ಮೇಲೆ ರಾಮ ಅಶ್ವಮೇಧಕ್ಕೆ ಅವಳ ಚಿನ್ನದ ಪ್ರತಿಮೆ ಮಾಡಿಸುತ್ತಾನೆ. ಕಾವ್ಯ ಅದನ್ನು ಹೇಳಿ ಮುಂದೆ ಹೋಗುತ್ತದೆ. ಆದರೆ ಪ್ರತಿಮೆಯನ್ನು ಯಾರೋ ಎರಕ ಹೊಯ್ದಿರಬೇಕು. ಆ ಅಕ್ಕಸಾಲಿಗ ಅಂತಃಪುರದ ಹೆಣ್ಣಿನ ಮುಖವನ್ನು ಹತ್ತಿರದಿಂದ ಕಂಡಿರಲಾರ. ಮೂಗು ಹೀಗಿತ್ತು, ಹುಬ್ಬು ಹೀಗಿತ್ತು, ನಗುವಾಗ ಎಡಗೆನ್ನೆ ಹೀಗೆ ಕುಳಿ ಬೀಳುತ್ತಿತ್ತು ಎಂದು ಹೇಳಲು ಅರಮನೆಯಿಂದ ಯಾರನ್ನೋ ಅವನ ಮನೆಗೆ ಕಳಿಸಿರಬೇಕು. ವರ್ಷಗಟ್ಟಲೆ ಸೀತೆಗೆ ಜಡೆ ಹಾಕಿದ ದಾಸಿಯೊಬ್ಬಳು ಕುಲುಮೆಯ ಪಕ್ಕ ಕುಳಿತಿದ್ದಾಳೆ ಎಂದುಕೊಳ್ಳಿ. ಅವಳಿಗೆ ಎಲ್ಲವೂ ನೆನಪಿದೆ. ಎಷ್ಟು ಹೇಳಬೇಕು, ಎಷ್ಟನ್ನು ಬೇಕೆಂದೇ ತಪ್ಪಾಗಿ ಹೇಳಬೇಕು ಎಂದು ಅವಳು ಯೋಚಿಸುತ್ತಿದ್ದಾಳೆ.